ಈಳಿಗೆ ಮಣೆಯೂ ತಾರಾನೌಕೆಯೂ

ಅಜ್ಜಿಯ ಈಳಿಗೆ ಮಣೆ ಈಗ ನನ್ನ ಅಡುಗೆಮನೆಯ ಮೂಲೆಯಲ್ಲಿದೆ. ಹಲಸಿನ ಮರದ ಮಣೆ, ಅದರ ಮೇಲೆ ಬಾಗಿ ನಿಂತ ಕಬ್ಬಿಣದ ಅಲಗು, ಅಲಗಿನ ತುದಿಯಲ್ಲಿ ಕಾಯಿ ತುರಿಯುವ ಹಲ್ಲು. ಮಣೆಯ ಒಂದು ಬದಿ ಸವೆದು ತಗ್ಗಾಗಿದೆ. ಅಜ್ಜಿ ಒಂದು ಕಾಲು ಮಡಚಿ ಅಲ್ಲಿ ಊರಿಕೊಂಡು, ಇನ್ನೊಂದನ್ನು ಚಾಚಿ ಕೂರುತ್ತಿದ್ದಳು. ಮೈಭಾರ ಮಣೆಯ ಮೇಲೆ, ಎರಡೂ ಕೈ ಖಾಲಿ. ಅಲಗು ಅಲ್ಲಾಡುವುದಿಲ್ಲ, ಸೌತೆಕಾಯಿಯೇ ಅಲಗಿನತ್ತ ಹೋಗಬೇಕು.

ಈ ಒಂದು ಮಣೆಯಿಂದ ಆ ಕಾಲದ ಅಡುಗೆಮನೆಯನ್ನು ಹೆಚ್ಚುಕಡಿಮೆ ಪೂರ್ತಿ ಕಟ್ಟಿಕೊಡಬಹುದು. ಕೂತು ಹೆಚ್ಚುವವರಿಗೆ ಕಟ್ಟೆ ಬೇಡ. ಒಲೆ ನೆಲದ ಮಟ್ಟದಲ್ಲಿರುತ್ತದೆ, ಉಪ್ಪು ಹುಳಿಯ ಭರಣಿಗಳು ಕೂತಲ್ಲಿಂದಲೇ ಕೈಗೆ ಸಿಗುತ್ತವೆ, ಕಿಟಕಿ ತಗ್ಗಿನಲ್ಲಿರುತ್ತದೆ. ಚಾಕು ಹಿಡಿದು ನಿಂತು ಹೆಚ್ಚುವ ನನ್ನ ಅಡುಗೆಮನೆಯಲ್ಲಿ ಇವೆಲ್ಲ ಮೂರಡಿ ಮೇಲಕ್ಕೇರಿವೆ. ಅದೇ ಸೌತೆಕಾಯಿ, ಅದೇ ಹುಳಿ, ಅದೇ ವಂಶದ ಕೈ. ಕೂರುವ ಭಂಗಿ ಬದಲಾದದ್ದಕ್ಕೆ ಮನೆಯೇ ಬದಲಾಯಿತು.

ಟಿವಿಯಲ್ಲಿ, ಸಿನಿಮಾದಲ್ಲಿ ಅನ್ಯಗ್ರಹ ಜೀವಿಗಳ ನೌಕೆ ಕಂಡಾಗಲೆಲ್ಲ ನನಗೆ ಈ ಮಣೆ ನೆನಪಾಗುತ್ತದೆ. ಹಣೆಗೊಂದು ಉಬ್ಬು, ಕಿವಿಗೊಂದು ಚೂಪು, ಚರ್ಮಕ್ಕೆ ಹಸಿರು ಬಣ್ಣ. ಉಳಿದಂತೆ ನಮ್ಮ ಹಾಗೆಯೇ ಎರಡು ಕಾಲು. ನೌಕೆಯಲ್ಲಿ ಕುರ್ಚಿ, ಕುರ್ಚಿಯೆದುರು ಪರದೆ, ನಡುವಿನ ದೊಡ್ಡ ಕುರ್ಚಿಯಲ್ಲಿ ನಾಯಕ. ಬಜೆಟ್ಟಿನ ಮಿತಿ, ನಟರ ಮೈ, ಎಲ್ಲ ಅರ್ಥವಾಗುತ್ತದೆ. ಆದರೆ ಬೇರೆಯದೇ ಮೈಯಿರುವ ಜೀವಿ ನಮ್ಮದೇ ನೌಕೆಯನ್ನು ಕಟ್ಟೀತು ಎನ್ನುವುದನ್ನು ಒಪ್ಪಲು ನನ್ನಿಂದಾಗುವುದಿಲ್ಲ. ಕುರ್ಚಿ ಹುಟ್ಟಿದ್ದು ಮಂಡಿಯಿಂದ. ಬಾಗಿಲಿಗೆ ಆ ಎತ್ತರ ಬಂದದ್ದು ನಮ್ಮ ನಿಲುವಿನಿಂದ. 'ನಾಯಕ' ಎಂಬ ಹುದ್ದೆ ಕೂಡ ಒಂದು ತಲೆ, ಒಂದು ಬಾಯಿ ಇರುವ ಮೈಯಿಂದ ಬಂದಿದ್ದಿರಬೇಕು ಎಂದು ನನಗೆ ಇತ್ತೀಚೆಗೆ ಬಲವಾಗಿ ಅನ್ನಿಸುತ್ತಿದೆ.

ಮೊದಲು ನಮ್ಮದೇ ನೌಕೆಯನ್ನು ನೋಡಿ. ಭೂಮಿಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮೇಲೆ ಕೆಳಗೆ ಎಂಬುದಿಲ್ಲ. ಆದರೂ ದೀಪಗಳನ್ನು ಒಂದು ಬದಿಗೆ ಹಾಕಿ ಅದನ್ನು ಚಾವಣಿ ಮಾಡಿದ್ದಾರೆ. ಬರಹದ ಪಟ್ಟಿಗಳೆಲ್ಲ ಒಂದೇ ದಿಕ್ಕಿಗೆ ನೆಟ್ಟಗಿವೆ. ದಿನಕ್ಕೆ 16 ಬಾರಿ ಸೂರ್ಯ ಹುಟ್ಟಿದರೂ ಗಡಿಯಾರ ನಮ್ಮ ನಿದ್ದೆಯ ಲೆಕ್ಕದಲ್ಲೇ ನಡೆಯುತ್ತದೆ. ಕೆಲಸ ಮಾಡುವಾಗ ಮೈ ತೇಲಿ ಹೋಗದಂತೆ ಪಾದವನ್ನು ಸರಳಿನ ಕೆಳಗೆ ಸಿಕ್ಕಿಸಿಕೊಳ್ಳಬೇಕು. ತಿಂಗಳುಗಟ್ಟಲೆ ಹೀಗಿದ್ದವರ ಅಂಗಾಲು ಮಗುವಿನದರಂತೆ ಮೆತ್ತಗಾಗಿ, ಪಾದದ ಮೇಲ್ಭಾಗ ಗಟ್ಟಿ ಕಟ್ಟುತ್ತದೆ. ನಿಲ್ದಾಣ ಮನುಷ್ಯನ ಅಚ್ಚಿನಲ್ಲಿ ಎರಕವಾಗಿದೆ, ಮನುಷ್ಯನ ಪಾದವೂ ನಿಲ್ದಾಣಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ಅಜ್ಜಿಯ ಮಣೆಯ ಸವೆತವೇ ಇದು, ಬೇರೆ ಜಾಗದಲ್ಲಿ.

ಅಷ್ಟಾದರೂ ಆ ಅಚ್ಚು ಎಲ್ಲ ಮನುಷ್ಯರಿಗೂ ಹೊಂದುವುದಿಲ್ಲ. ಸೋಯುಜ್ ನೌಕೆಯಲ್ಲಿ ಪ್ರತಿಯೊಬ್ಬರ ಬೆನ್ನಿನ ಅಳತೆಗೂ ಬೇರೆ ಬೇರೆ ಆಸನದ ಒಳಪದರ ಎರಕ ಹೊಯ್ಯುತ್ತಾರೆ. 2019ರ ಮಾರ್ಚಿನಲ್ಲಿ ಇಬ್ಬರು ಮಹಿಳೆಯರೇ ನಿಲ್ದಾಣದ ಹೊರಗೆ ನಡೆಯುವ ಮೊದಲ ಯೋಜನೆ ಮುಂದಕ್ಕೆ ಹೋಯಿತು. ಇಬ್ಬರಿಗೂ ಮಧ್ಯಮ ಅಳತೆಯ ಉಡುಪು ಬೇಕಿತ್ತು, ಬಳಸಲು ಸಿದ್ಧವಿದ್ದದ್ದು ಒಂದೇ. ಅದು ನೆರವೇರಿದ್ದು ಅಕ್ಟೋಬರಿನಲ್ಲಿ, ಕ್ರಿಸ್ಟಿನಾ ಕಾಕ್ ಮತ್ತು ಜೆಸಿಕಾ ಮೀರ್ ಹೊರಗೆ ಕಾಲಿಟ್ಟಾಗ. ಒಂದೇ ಜೀವಿಯೊಳಗಿನ ಎರಡು ಅಳತೆಗೇ ಏಳು ತಿಂಗಳು ಕಾಯಬೇಕಾಯಿತು. ಹಾಗಿದ್ದರೆ ಎಂಟು ತೋಳಿನ, ಮೂಳೆಯೇ ಇಲ್ಲದ ಜೀವಿಯೊಂದು ತನ್ನ ನೌಕೆಯನ್ನು ಎಲ್ಲಿಂದ ಶುರುಮಾಡೀತು?

ಎಷ್ಟೋ ಸಂಜೆ ಇದನ್ನೇ ಯೋಚಿಸುತ್ತ ಕೂತಿದ್ದೇನೆ. ಆಕ್ಟೋಪಸ್ ಅನ್ಯಗ್ರಹದ್ದಲ್ಲ, ನಮ್ಮ ಸಮುದ್ರದ್ದೇ. ಆದರೆ ಅದರ ಮೈ ನಮ್ಮ ಮೈಯಿಂದ ಎಷ್ಟು ದೂರವೆಂದರೆ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜೀವಿ ಸಿಗದು. ಮೂರು ಹೃದಯ, ನೀಲಿ ರಕ್ತ, ಸುಮಾರು 50 ಕೋಟಿ ನರಕೋಶ. ಆ ನರಕೋಶಗಳಲ್ಲಿ ಮೂರರಲ್ಲಿ ಎರಡು ಪಾಲು ಇರುವುದು ತಲೆಯಲ್ಲಲ್ಲ, ತೋಳುಗಳಲ್ಲಿ. ಪ್ರತಿ ತೋಳೂ ತನ್ನ ಪಾಡಿಗೆ ತಾನು ತಡಕಿ, ಹಿಡಿದು, ಬಿಡಬಲ್ಲದು. ಹೀರುಬಟ್ಟಲುಗಳು ಮುಟ್ಟಿದ್ದನ್ನೇ ರುಚಿಯನ್ನೂ ನೋಡುತ್ತವೆ ಎಂಬುದು 2020ರಲ್ಲಿ ಅಣುಮಟ್ಟದಲ್ಲೇ ಸ್ಪಷ್ಟವಾಯಿತು. ದೇಹದಲ್ಲಿ ಗಟ್ಟಿಯಾಗಿರುವುದು ಕೊಕ್ಕು ಮಾತ್ರ. ಕೊಕ್ಕು ತೂರುವ ಕಿಂಡಿಯಲ್ಲಿ ಇಡೀ ಮೈ ತೂರುತ್ತದೆ. 2016ರಲ್ಲಿ ನ್ಯೂಜಿಲೆಂಡಿನ ನೇಪಿಯರ್ ಊರಿನ ಅಕ್ವೇರಿಯಂನಿಂದ ಇಂಕಿ ಎಂಬ ಆಕ್ಟೋಪಸ್ ರಾತ್ರಿ ತೊಟ್ಟಿಯಿಂದ ಹೊರಬಂದು, ನೆಲದ ಮೇಲೆ ತೆವಳಿ, ಚರಂಡಿ ಕೊಳವೆ ಹಿಡಿದು ಸಮುದ್ರಕ್ಕೆ ಹೋಯಿತು. ನಮ್ಮ ಕಣ್ಣಿಗೆ ಕೊಳವೆ. ಅದರ ಪಾಲಿಗೆ ಅದು ಬಾಗಿಲು.

ಇಂಥ ಜೀವಿಯ ನೌಕೆಯೊಳಗೆ ಗಾಳಿಯಲ್ಲ, ನೀರು. ಹತ್ತು ಮೀಟರ್ ಅಗಲ, ಮೂವತ್ತು ಮೀಟರ್ ಉದ್ದದ ಉರುಳೆಯೊಂದನ್ನು ನೀರಿನಿಂದ ತುಂಬಿದರೆ ಹತ್ತಿರ ಹತ್ತಿರ 2,350 ಟನ್. ನಮ್ಮ ಇಡೀ ನಿಲ್ದಾಣದ ತೂಕ ಸುಮಾರು 420 ಟನ್. ಬರಿಯ 'ಗಾಳಿ'ಗೇ ಐದು ನಿಲ್ದಾಣಗಳ ತೂಕ! ಅದನ್ನೆಲ್ಲ ಎತ್ತಬೇಕು, ತಳ್ಳಬೇಕು, ತಿರುಗಿಸಬೇಕು. ಅವರ ಪಾಲಿಗೆ ಪ್ರಯಾಣ ಎಂದೂ ಅಗ್ಗವಲ್ಲ. ಆದರೆ ನಾವು ಸೀಸ, ಪ್ಲಾಸ್ಟಿಕ್ಕು ಎಂದು ತಲೆ ಕೆಡಿಸಿಕೊಳ್ಳುವ ವಿಕಿರಣದ ಸಮಸ್ಯೆಗೆ ಆ ನೀರೇ ಕವಚ. ಜಲಜನಕ ತುಂಬಿದ ನೀರು ಬಾಹ್ಯಾಕಾಶದ ಕಣಗಳನ್ನು ಚೆನ್ನಾಗಿ ತಡೆಯುತ್ತದೆ. ನೌಕೆ ವೇಗ ಹೆಚ್ಚಿಸಿದಾಗ ಮೈಯ ಸುತ್ತಲಿನ ನೀರೇ ಮೈಯನ್ನು ಹೊರುತ್ತದೆ, ಆಸನ ಬೇಡ, ಪಟ್ಟಿ ಬೇಡ. ಇನ್ನು ತೇಲುವುದು? ಅದು ಅವರಿಗೆ ಹೊಸ ಅನುಭವವೇ ಅಲ್ಲ.

ಅವರಿಗೆ ಕಷ್ಟವಾಗುವುದು ನಮಗೆ ಹೊಳೆಯದ ಕಡೆ. ತೂಕವಿಲ್ಲದಲ್ಲಿ ಗುಳ್ಳೆ ಮೇಲೇಳುವುದಿಲ್ಲ. ಮೀನಿನ ತೊಟ್ಟಿಯಲ್ಲಿ ಗುಳುಗುಳು ಎಂದು ಏಳುವ ಗುಳ್ಳೆಗಳು ಅಲ್ಲಿ ಹುಟ್ಟಿದಲ್ಲೇ ಗುಂಪುಗೂಡಿ ನಿಲ್ಲುತ್ತವೆ. ಹೀಗಾಗಿ ನೀರನ್ನು ಸದಾ ಸುತ್ತಿಸುತ್ತಲೇ ಇರಬೇಕು, ಆಮ್ಲಜನಕವನ್ನು ಪೊರೆಗಳ ಮೂಲಕ ಬೆರೆಸಬೇಕು. ನೌಕೆಗೆ ಒಂದು ಹೃದಯ ಬೇಕಾಗುತ್ತದೆ, ಬಹುಶಃ ಮೂರು. ಹರಿವು ನಿಂತರೆ ಅಪಾಯ ಎಂಬುದನ್ನು ಅಲ್ಲಿ ಗಂಟೆ ಬಾರಿಸಿ ಹೇಳಬೇಕಿಲ್ಲ, ಎಲ್ಲರ ಚರ್ಮಕ್ಕೂ ಅದೇ ಕ್ಷಣ ಗೊತ್ತಾಗುತ್ತದೆ.

ಕೆಲಸ ಹೇಗೆ ನಡೆದೀತು? ಪರದೆ, ಗುಂಡಿ, ಸೂಚಕ ದೀಪ ಇವೆಲ್ಲ ಮುಂದೆ ಎರಡು ಕಣ್ಣು, ಐದು ಬೆರಳು ಇರುವವರ ಸಾಮಾನು. ಆಕ್ಟೋಪಸ್‌ನ ಕಣ್ಣಿನಲ್ಲಿ ಬಣ್ಣ ಗುರುತಿಸುವ ವ್ಯವಸ್ಥೆ ನಮ್ಮಂತಿಲ್ಲ, ಬೆಳಕು ಹಿಡಿಯುವ ಕೋಶ ಒಂದೇ ಬಗೆಯದು. ಕೆಂಪು ದೀಪ ಹಚ್ಚಿ ಉಪಯೋಗವಿಲ್ಲ. ನಾನು ಊಹಿಸುವ ಆ ನೌಕೆಯ ನಿಯಂತ್ರಣ ಕೊಠಡಿ ಒಂದು ರುಚಿಯ ಗೋಡೆ. ಇಂಧನದ ಸ್ಥಿತಿ ಒಂದು ಕಡೆ ಉಪ್ಪುಪ್ಪಾಗಿ, ಶಾಖದ ಲೆಕ್ಕ ಇನ್ನೊಂದು ಕಡೆ ಒಗರಾಗಿ ಒಸರುತ್ತಿರುತ್ತದೆ. ಒಂದು ಜೀವಿ ಗೋಡೆಗೆ ಅಂಟಿಕೊಂಡು ಎಂಟು ದಿಕ್ಕಿಗೆ ತೋಳು ಚಾಚಿರುತ್ತದೆ. ಮೂರನೆಯ ತೋಳು ಕವಾಟವೊಂದನ್ನು ಸರಿಪಡಿಸುತ್ತಿರುವುದು ತಲೆಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ. 'ಇದನ್ನು ಯಾರು ಮಾಡಿದ್ದು?' ಎಂದು ಕೇಳಿದರೆ 'ತೋಳು' ಎಂಬ ಉತ್ತರ ಬರಬಹುದು, ಅದು ನುಣುಚಿಕೊಳ್ಳುವ ಮಾತಾಗಿರುವುದಿಲ್ಲ. ಹೊಣೆ, ಅಪ್ಪಣೆ, ಪಾಳಿ, ಈ ಪದಗಳೆಲ್ಲ ಅಲ್ಲಿ ಬೇರೆ ಅರ್ಥ ಪಡೆಯುತ್ತವೆ. ಒಂದು ತೋಳು ನಿದ್ದೆ ಹೋಗಿ ಇನ್ನೊಂದು ಪಾಳಿಗೆ ಏಳುವುದೂ ಅಲ್ಲಿ ಸಹಜವಾಗಿರಬಹುದು.

ನನ್ನನ್ನು ಹೆಚ್ಚು ಕಾಡುವುದು ಬೇರೆ. ಹೆಚ್ಚಿನ ಆಕ್ಟೋಪಸ್‌ಗಳ ಆಯಸ್ಸು ಒಂದೆರಡು ವರ್ಷ. ತಾಯಿ ಮೊಟ್ಟೆಗಳಿಗೆ ಕಾವಲು ಕೂತು, ಊಟ ಬಿಟ್ಟು, ಮರಿ ಹೊರಬರುವ ಹೊತ್ತಿಗೆ ಸಾಯುತ್ತದೆ. ಮರಿಗೆ ಹೇಳಿಕೊಡುವವರು ಯಾರೂ ಇಲ್ಲ. ಇಷ್ಟು ಜಾಣ ಜೀವಿ ಪ್ರತಿ ತಲೆಮಾರಿನಲ್ಲೂ ಸೊನ್ನೆಯಿಂದ ಶುರುಮಾಡುತ್ತದೆ. ಅಂಥ ಮೈಯ ಜೀವಿಗಳು ನಕ್ಷತ್ರದಿಂದ ನಕ್ಷತ್ರಕ್ಕೆ ಹೊರಟರೆ, ಕಲಿಸುವ ಕೆಲಸ ನೌಕೆಯದ್ದೇ. ಗೋಡೆಗಳಲ್ಲಿ ರುಚಿಯ ಪಾಠಗಳು, ಕೊಳವೆಗಳ ತಿರುವಿನಲ್ಲಿ ಒಗಟುಗಳು, ಬಿಡಿಸಿದರೆ ಮುಂದಿನ ಕೋಣೆ ತೆರೆಯುವ ಬೀಗಗಳು. ತಾಯಿ ಸಾಯುವ ಮೊದಲು ಮಕ್ಕಳಿಗಲ್ಲ, ಗೋಡೆಗೆ ಹೇಳಿ ಹೋಗುತ್ತಾಳೆ. ನಮ್ಮ ನೌಕೆ ನಮಗೆ ವಾಹನ. ಅವರಿಗೆ ಅದು ಅಜ್ಜಿ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಮುಚ್ಚಿಡಲಾರೆ. ನೀರಿನೊಳಗೆ ಬೆಂಕಿ ಉರಿಯುವುದಿಲ್ಲ. ಬೆಂಕಿಯಿಲ್ಲದೆ ಅದಿರು ಕರಗಿಸುವುದು ಹೇಗೆ, ಲೋಹವಿಲ್ಲದೆ ನೌಕೆ ಹೇಗೆ? ಸಮುದ್ರತಳದ ಬಿಸಿನೀರಿನ ಬುಗ್ಗೆಗಳು ಲೋಹದ ಅದಿರನ್ನೇ ಉಗುಳುತ್ತವೆ, ಜೀವಿಗಳು ಚಿಪ್ಪು ಹವಳಗಳನ್ನು ಬೆಂಕಿಯಿಲ್ಲದೆಯೇ ಕಟ್ಟುತ್ತವೆ ಎಂದು ಸಮಾಧಾನ ಹೇಳಿಕೊಳ್ಳಬಹುದು. ಅಷ್ಟಕ್ಕೇ ನಕ್ಷತ್ರ ಮುಟ್ಟಲಾದೀತೇ ಎಂಬ ಸಂಶಯ ನನ್ನಲ್ಲಿ ಉಳಿದೇ ಇದೆ. ಗುರುಗ್ರಹದ ಉಪಗ್ರಹ ಯುರೋಪಾದಲ್ಲಿ ಮಂಜಿನ ದಪ್ಪ ಹೊದಿಕೆಯ ಕೆಳಗೆ ಉಪ್ಪುನೀರಿನ ಸಾಗರವಿದೆ ಎನ್ನಲು ಒಳ್ಳೆಯ ಆಧಾರಗಳಿವೆ. 2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ ನೌಕೆ 2030ರಲ್ಲಿ ಗುರುವನ್ನು ತಲುಪಬೇಕು. ಅಲ್ಲಿ ಯೋಚಿಸುವ ಜೀವಿ ಇದ್ದದ್ದೇ ಆದರೆ ಅದಕ್ಕೆ ಆಕಾಶವೆಂದರೆ ಮಂಜಿನ ಸೂರು. ಅದರ ಮೊದಲ ಬಾಹ್ಯಾಕಾಶ ನೌಕೆ ರಾಕೆಟ್ಟಾಗಿರುವುದಿಲ್ಲ, ಬೈರಿಗೆಯಾಗಿರುತ್ತದೆ. ಎಷ್ಟೋ ಕಿಲೋಮೀಟರ್ ಕೊರೆದು ಹೊರಬಂದ ಮೇಲೆ ನಕ್ಷತ್ರ ಎಂಬ ವಸ್ತು ಇದೆಯೆಂದು ಅದಕ್ಕೆ ಮೊದಲ ಸಲ ಗೊತ್ತಾಗುತ್ತದೆ.

ನಮ್ಮ ಅಪಾರ್ಟ್‌ಮೆಂಟಿನ ಐದನೇ ಮಹಡಿಯ ಸಜ್ಜದ ಕೆಳಗೆ ಎರಡು ವರ್ಷದ ಹಿಂದೆ ಹೆಜ್ಜೇನು ಕಟ್ಟಿತ್ತು. ನಾಲ್ಕು ತಿಂಗಳು ಇದ್ದು ತಾನಾಗಿ ಎದ್ದು ಹೋಯಿತು. ಅಷ್ಟೂ ದಿನ ಸಂಜೆ ಟೆರೇಸಿನ ಮೂಲೆಯಿಂದ ನೋಡುತ್ತಿದ್ದೆ. ಹತ್ತಿರದಿಂದ ಕಂಡರೆ ಅಲ್ಲಿ ಗೂಡೇ ಕಾಣುವುದಿಲ್ಲ. ನೊಣಗಳೇ ಪದರ ಪದರವಾಗಿ ಒಂದರ ಮೇಲೊಂದು ಜೋತು ಪರದೆ ಕಟ್ಟಿರುತ್ತವೆ, ಹುಟ್ಟಿಯ ಮೇಣ ಅದರ ಹಿಂದೆ ಎಲ್ಲೋ. ಒಮ್ಮೆ ಕಣಜವೊಂದು ಹತ್ತಿರ ಬಂತು. ಪರದೆಯ ಒಂದು ಬಿಂದುವಿನಿಂದ ಅಲೆಯೊಂದು ಎದ್ದು, ನೀರಿಗೆ ಕಲ್ಲು ಬಿದ್ದ ಹಾಗೆ ಸುತ್ತ ಹರಡಿ ಮಾಯವಾಯಿತು. ಸಾವಿರಾರು ನೊಣಗಳು ಸಾಲುಸಾಲಾಗಿ ಹಿಂಬದಿ ಎತ್ತಿ ಇಳಿಸಿದ್ದವು. ಯಾರೂ ಅಪ್ಪಣೆ ಕೊಟ್ಟಿರಲಿಲ್ಲ. ಆ ಗೋಡೆ ಗೋಡೆಯೂ ಹೌದು, ಕಾವಲುಗಾರರೂ ಹೌದು, ನೌಕರರೂ ಹೌದು.

ಜೇನಿನಂಥ ಜೀವಿಗಳ ನೌಕೆಗೆ ಇದನ್ನೇ ಹಿಡಿದು ಯೋಚಿಸಿದರೆ ಒಂದು ಸೊಗಸಾದ ತೊಡಕು ಎದುರಾಗುತ್ತದೆ. ಕತ್ತಲ ಪೊಟರೆಯಲ್ಲಿರುವ ತುಡುವೆ ಜೇನು ಹೂವಿನ ದಾರಿ ಹೇಳುವುದು ಕುಣಿದು. ನೆಟ್ಟಗೆ ನಿಂತ ಹುಟ್ಟಿಯ ಮೇಲೆ 'ಮೇಲಕ್ಕೆ' ಕುಣಿದರೆ ಸೂರ್ಯನ ಕಡೆ ಎಂದರ್ಥ. ನೇರದಿಂದ 30 ಡಿಗ್ರಿ ಬಲಕ್ಕೆ ಕುಣಿದರೆ ಸೂರ್ಯನಿಂದ ಅಷ್ಟೇ ಬಲಕ್ಕೆ. ಈ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ಈ ಭಾಷೆಯ ವ್ಯಾಕರಣ ನಿಂತಿರುವುದು ಭೂಮಿಯ ಸೆಳೆತದ ಮೇಲೆ. ತೂಕವಿಲ್ಲದ ನೌಕೆಯಲ್ಲಿ 'ಮೇಲೆ' ಎಂಬ ಪದವೇ ಅಳಿಸಿಹೋಗುತ್ತದೆ. 1984ರಲ್ಲಿ ಚಾಲೆಂಜರ್ ನೌಕೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜೇನ್ನೊಣಗಳನ್ನು ಒಯ್ದಾಗ ಅವು ಅಲ್ಲಿಯೂ ಹುಟ್ಟಿ ಕಟ್ಟಿದವು. ಕಟ್ಟುವುದಕ್ಕೆ ತೂಕ ಬೇಕಿಲ್ಲ. ಮಾತಾಡುವುದಕ್ಕೆ ಬೇಕು.

ಆದರೆ ಕೋಲುಜೇನು ಹೀಗಲ್ಲ. ಬೇಲಿಯ ಕಡ್ಡಿಗೆ ಅಂಗೈಯಗಲದ ಹುಟ್ಟಿ ಕಟ್ಟುವ ಆ ಪುಟ್ಟ ಜೇನು ಹುಟ್ಟಿಯ ನೆತ್ತಿಯ ಮೇಲೆ, ಮಟ್ಟಸ ಜಾಗದಲ್ಲಿ, ಆಕಾಶ ನೋಡುತ್ತ ಕುಣಿಯುತ್ತದೆ. ಹೂವು ಯಾವ ಕಡೆಗೋ ಅದೇ ಕಡೆಗೆ ನೇರ ಮುಖಮಾಡಿ ತೋರಿಸುತ್ತದೆ. 1950ರ ದಶಕದಲ್ಲಿ ಮಾರ್ಟಿನ್ ಲಿಂಡಾವರ್ ಶ್ರೀಲಂಕಾಕ್ಕೆ ಬಂದು ನಮ್ಮ ಈ ಜೇನುಗಳನ್ನೇ ಹೋಲಿಸಿ ನೋಡಿದ್ದು ಇದಕ್ಕಾಗಿ. ಇದರ ಭಾಷೆಗೆ ಸೆಳೆತ ಬೇಡ, ಕಣ್ಣಿಗೆ ಬೀಳುವ ಒಂದು ಬೆಳಕು ಸಾಕು. ಆದ್ದರಿಂದ ತುಡುವೆಯಂಥ ಜನ ತಮ್ಮ ನೌಕೆಯನ್ನು ತಿರುಗಿಸಲೇಬೇಕು. ತೂಕ ಹುಟ್ಟಿಸಿಕೊಳ್ಳುವುದು ಮೂಳೆಯ ಆರೋಗ್ಯಕ್ಕಲ್ಲ, ಮಾತು ಉಳಿಸಿಕೊಳ್ಳುವುದಕ್ಕೆ. ಕೋಲುಜೇನಿನಂಥ ಜನಕ್ಕೆ ಒಂದು ಗಾಜಿನ ಸೂರು ಮತ್ತು ಒಂದು ನಕ್ಷತ್ರ ಸಾಕು. ನಮ್ಮ ಹಿತ್ತಲಿನ ಎರಡು ಜೇನುಗಳು ಎರಡು ಬಗೆಯ ತಾರಾನೌಕೆ ಕಟ್ಟುತ್ತವೆ ಎಂಬುದು ಹೊಳೆದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಹಾಗೆಯೇ, ಅಲ್ಲಿ ನಾಯಕನ ಕುರ್ಚಿಯೂ ಇರುವುದಿಲ್ಲ. ಹೊಸ ಮನೆ ಹುಡುಕುವ ಜೇನಿನ ಹಿಂಡಿನಲ್ಲಿ ರಾಣಿ ತೀರ್ಮಾನ ಮಾಡುವುದಿಲ್ಲ ಎಂಬುದನ್ನು ಥಾಮಸ್ ಸೀಲಿ ವರ್ಷಗಟ್ಟಲೆ ಕೂತು ತೋರಿಸಿಕೊಟ್ಟರು. ಪತ್ತೇದಾರ ನೊಣಗಳು ತಾವು ಕಂಡ ಜಾಗದ ಪರವಾಗಿ ಕುಣಿಯುತ್ತವೆ. ಒಳ್ಳೆಯ ಜಾಗಕ್ಕೆ ಹೆಚ್ಚು ಹೊತ್ತು. ಯಾವುದೋ ಒಂದು ಜಾಗದಲ್ಲಿ ಸಾಕಷ್ಟು ನೊಣಗಳು ಸೇರಿದ ಮೇಲೆ ಹಿಂಡು ಏಳುತ್ತದೆ. ಎರಡು ನಕ್ಷತ್ರಗಳ ನಡುವೆ ದಾರಿ ಬದಲಿಸುವ ತೀರ್ಮಾನವನ್ನು ಹೀಗೆ ಕುಣಿದು ತೆಗೆದುಕೊಳ್ಳುವ ನೌಕೆಗೆ ನಾವು 'ನಿಮ್ಮ ನಾಯಕರನ್ನು ಕರೆಯಿರಿ' ಎಂದು ಸಂದೇಶ ಕಳಿಸಿದರೆ ಏನಾದೀತು?

ಜೇಡದ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬಿಗೆ ಅರಾಬೆಲಾ, ಅನಿತಾ ಎಂಬ ಎರಡು ಜೇಡಗಳು ಹೋದವು. ಯೋಚನೆ ಕೊಟ್ಟದ್ದು ಒಬ್ಬ ಶಾಲಾ ಬಾಲಕಿ. ಅರಾಬೆಲಾಳ ಮೊದಲ ಬಲೆ ಅಸ್ತವ್ಯಸ್ತ, ಆಮೇಲಿನವು ಸರಿಯಾದವು. ಮುಂದೆ 2011ರ ಪ್ರಯೋಗದಲ್ಲಿ, ಸೆಳೆತವಿಲ್ಲದಾಗ ಜೇಡಗಳು ದೀಪವನ್ನೇ 'ಮೇಲೆ' ಎಂದು ಹಿಡಿದು ಬಲೆ ನೇಯುತ್ತವೆ ಎಂಬುದು ಕಂಡಿತು. ಜೇಡಕ್ಕೆ ಬಲೆ ಬೇಟೆಯ ಸಾಧನ ಮಾತ್ರವಲ್ಲ, ಇಂದ್ರಿಯವೂ ಹೌದು. ಅಂಥವರ ನೌಕೆಯಲ್ಲಿ ನಡುವೆ ಒಬ್ಬರು ಕೂತು ಎಂಟು ಎಳೆಗಳ ಮೇಲೆ ಕಾಲಿಟ್ಟಿದ್ದರೆ ಸಾಕು, ಹಿಂಬದಿಯ ಪಂಪು ತುಸು ತಪ್ಪಿ ಬಡಿದದ್ದು ಕಾಲಿಗೆ ಗೊತ್ತಾಗುತ್ತದೆ.

ಇವೆಲ್ಲ ನಮ್ಮ ವೇಗದಲ್ಲೇ ಬದುಕುವ ಜೀವಿಗಳು. ವೇಗವನ್ನೂ ಕಳಚಿ ನೋಡಿ. ವೊಯೇಜರ್ 1 ನೌಕೆ ಸೆಕೆಂಡಿಗೆ 17 ಕಿಲೋಮೀಟರ್ ಹೋಗುತ್ತಿದೆ. ಆ ವೇಗದಲ್ಲಿ 4.24 ಜ್ಯೋತಿರ್ವರ್ಷ ದೂರದ, ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾಕ್ಕೆ ಹೋಗಲು ಹತ್ತಿರ ಹತ್ತಿರ 75 ಸಾವಿರ ವರ್ಷ ಬೇಕು. ನಮಗೆ ಇದು ಅಸಾಧ್ಯ ಎಂಬುದರ ಇನ್ನೊಂದು ಹೆಸರು. ಆದರೆ ಬಂಡೆಯ ಮೇಲೆ ಬೆಳೆಯುವ ಕಲ್ಲುಹೂವನ್ನು ನೆನೆಯಿರಿ. ಅದರ ಕೆಲವು ಜಾತಿಗಳು ವರ್ಷಕ್ಕೆ ಅರ್ಧ ಮಿಲಿಮೀಟರ್ ಬೆಳೆದರೆ ಹೆಚ್ಚು. 2005ರಲ್ಲಿ ಕಲ್ಲುಹೂವುಗಳನ್ನು ನೌಕೆಯ ಹೊರಮೈಗೆ ಹೊತ್ತೊಯ್ದು ನಿರ್ವಾತಕ್ಕೂ ಸೂರ್ಯನ ಉರಿಗೂ ಎರಡು ವಾರ ಒಡ್ಡಿದರು. ತಂದು ನೋಡಿದಾಗ ಬದುಕಿದ್ದವು. ಅರ್ಧ ಮಿಲಿಮೀಟರಿನ ಲೆಕ್ಕದಲ್ಲಿ 75 ಸಾವಿರ ವರ್ಷಕ್ಕೆ ಅದು 37 ಮೀಟರ್ ಹಬ್ಬುತ್ತದೆ. ಅಂದರೆ ಹೊರಡುವಾಗ ನೌಕೆಯ ಮೂತಿಯಲ್ಲಿ ಒಂದು ಚುಕ್ಕೆಯಾಗಿದ್ದ ಸಿಬ್ಬಂದಿ ತಲುಪುವ ಹೊತ್ತಿಗೆ ಬಾಲದವರೆಗೆ ಹರಡಿರುತ್ತಾರೆ. ಪ್ರಯಾಣ ಮತ್ತು ಬೆಳೆಯುವುದು ಅವರಿಗೆ ಒಂದೇ ಕ್ರಿಯಾಪದ. ಅವರು ನಮ್ಮ ಪಕ್ಕದಲ್ಲೇ ಹಾದುಹೋದರೂ ನಾವು ಅದನ್ನು ಬಂಡೆ ಎನ್ನುತ್ತೇವೆ.

ನೌಕೆಯಲ್ಲೇ ಹುಟ್ಟಿದವರ ಮೈ ಏನಾಗುತ್ತದೆ ಎಂಬುದಕ್ಕೂ ಒಂದು ಸುಳಿವಿದೆ. 1991ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಎರಡೂವರೆ ಸಾವಿರದಷ್ಟು ಎಳೆಯ ಜೆಲ್ಲಿ ಮೀನುಗಳನ್ನು ಒಯ್ದರು. ಅವು ಅಲ್ಲೇ ಹತ್ತಾರು ಸಾವಿರವಾದವು. ಮೇಲೆ ಹುಟ್ಟಿದ ಮರಿಗಳು ಭೂಮಿಗೆ ಬಂದ ಮೇಲೆ ನೆಟ್ಟಗೆ ಈಜಲಾರದೆ ಒದ್ದಾಡಿದವು. ತಮ್ಮದೇ ಗ್ರಹ ಅವಕ್ಕೆ ಪರದೇಶವಾಗಿತ್ತು.

ಹಾಗಾದರೆ ಅವರಿಗೂ ನಮಗೂ ಸಮಾನವಾದದ್ದು ಏನೂ ಇಲ್ಲವೇ? ಇದೆ, ಆದರೆ ಮುಖದಲ್ಲಲ್ಲ. ನಿರ್ವಾತದಲ್ಲಿ ಶಾಖ ಹೊರಹೋಗಲು ವಿಕಿರಣ ಬಿಟ್ಟು ಬೇರೆ ದಾರಿಯಿಲ್ಲ. ನಮ್ಮ ನಿಲ್ದಾಣದಲ್ಲಿ ಅಮೋನಿಯಾ ಹರಿಯುವ ಅಗಲವಾದ ಬಿಳಿ ಫಲಕಗಳಿರುವುದು ಅದಕ್ಕಾಗಿ. ಎಂಟು ತೋಳಿರಲಿ, ಎಂಟು ಸಾವಿರ ನೊಣಗಳಿರಲಿ, ಬದುಕಿರುವ ಮೈ ಬಿಸಿಯಾಗುತ್ತದೆ, ಆ ಬಿಸಿಯನ್ನು ಚೆಲ್ಲಲು ಅಂಥದೇ ಅಗಲವಾದ ರೆಕ್ಕೆ ಬೇಕು. ಅವರ ಕವಿಗಳು, ರಾಯಭಾರಿಗಳು ನಮಗೆ ಅರ್ಥವಾಗುವುದಕ್ಕೆ ಬಹಳ ಮೊದಲು ಅವರಲ್ಲಿ ಪಂಪು ರಿಪೇರಿ ಮಾಡುವವರು ನಮಗೆ ಅರ್ಥವಾಗುತ್ತಾರೆ ಎಂದು ನಾನು ನಂಬಿದ್ದೇನೆ.

ನಾವೂ ನಮ್ಮ ಮೈಯ ಗುರುತನ್ನು ಆ ಕಡೆ ಕಳಿಸಿದ್ದೇವೆ. 1977ರಲ್ಲಿ ಹೊರಟ ಎರಡು ವೊಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ತಾಮ್ರದ ತಟ್ಟೆಗಳಿವೆ. ಅವುಗಳಲ್ಲಿ 55 ಭಾಷೆಗಳ ಶುಭಾಶಯ. ಕನ್ನಡವೂ ಇದೆ, ಕನ್ನಡಿಗರ ಪರವಾಗಿ. ಆ ದನಿಯನ್ನು ಮೊದಲ ಸಲ ಕೇಳಿದಾಗ ನನ್ನ ಕಣ್ಣು ಒದ್ದೆಯಾಗಿತ್ತು. ತಟ್ಟೆ ನುಡಿಸುವುದು ಹೇಗೆಂದು ಹೊದಿಕೆಯ ಮೇಲೆ ಗೀರಿದ ಚಿತ್ರಗಳಿವೆ, ಕಣ್ಣಿದ್ದವರಿಗೆ. ಒಳಗಿರುವುದು ಧ್ವನಿ, ಕಿವಿಯಿದ್ದವರಿಗೆ.

ಆದರೆ ಧ್ವನಿ ಅಲ್ಲಿರುವುದು ಗೀರಾಗಿ. ಸುರುಳಿ ಸುತ್ತಿದ ಒಂದು ಸಣ್ಣ ತೋಡು, ಅದರ ಗೋಡೆಗಳ ಏರಿಳಿತ. ಕಿವಿಯೂ ಇಲ್ಲದ, ಚಿತ್ರವೂ ಅರ್ಥವಾಗದ ಯಾರೋ ಒಬ್ಬರು ಎಂದೋ ಒಂದು ದಿನ ಆ ತಟ್ಟೆಯನ್ನು ನೀರು ತುಂಬಿದ ನೌಕೆಯೊಳಗೆ ತಂದುಕೊಂಡರೆ, ಮೊದಲು ಅದರ ಮೇಲೆ ತೋಳು ಆಡಿಸುತ್ತಾರೆ. ತಾಮ್ರದ ರುಚಿ, ಚಿನ್ನದ ನುಣುಪು, ಆಮೇಲೆ ಆ ತೋಡು. ನಮ್ಮ ಹೀರುಬಟ್ಟಲಿಲ್ಲದ ಬೆರಳಿಗೆ ಸಿಗದಷ್ಟು ಸಣ್ಣ ಆ ಏರಿಳಿತಗಳ ಮೇಲೆ ಒಂದು ತೋಳು ನಿಧಾನವಾಗಿ ಸುತ್ತುತ್ತ ಬಂದು, ಕನ್ನಡ ಇರುವ ಜಾಗದಲ್ಲಿ ನಿಂತು, ಇನ್ನೊಮ್ಮೆ ಹಿಂದಕ್ಕೆ ಹೋಗಿ ಮುಟ್ಟಿ ನೋಡುತ್ತದೆ.